ಬೆನ್ನ ಮೇಲಿನ ಕಪ್ಪು ಪಟ್ಟೆ: ಒಂದೇ ಜೀನ್, ನಾಕೌಟ್‌ಗೆ ಮೂರು ದಾರಿ

ಹಣ್ಣಿನ ನೊಣದಲ್ಲಿ ಎಬೊನಿ ಅನ್ನೋ ಜೀನ್ ಕೆಟ್ಟರೆ ಅದರ ಕಂದು ಮೈ ಕಾಡಿಗೆ ಬಳಿದ ಹಾಗಾಗುತ್ತದೆ. ಇಡೀ ಮೈ ಬೇಡ, ಬೆನ್ನಿನ ನಡುವೆ ಒಂದು ಪಟ್ಟೆ ಮಾತ್ರ ಕಪ್ಪಾಗಲಿ ಅಂದರೆ? ಅದಕ್ಕೇ ಕಂಡಿಷನಲ್ ನಾಕೌಟ್ ಅನ್ನೋದು. ಎಷ್ಟೋ ಜೀನ್‌ಗಳನ್ನು ಮೈಯೆಲ್ಲ ತೆಗೆದರೆ ಭ್ರೂಣವೇ ಸಾಯುತ್ತದೆ, ನೋಡೋಕೆ ಏನೂ ಉಳಿಯಲ್ಲ. ಬೇಕಾದ ಅಂಗದಲ್ಲಿ, ಬೇಕಾದ ಹೊತ್ತಿಗೆ ಮಾತ್ರ ತೆಗೆಯಬೇಕು. ಎಬೊನಿ ಕೆಟ್ಟರೆ ನೊಣ ಸಾಯಲ್ಲ, ಬಣ್ಣ ಕಣ್ಣಿಗೆ ಬೀಳುತ್ತದೆ. ಹಾಗಾಗಿ ಕೈ ಪಳಗಿಸಿಕೊಳ್ಳೋಕೆ ಅದನ್ನೇ ಹಿಡಿದು ಮೂರು ವಿಧಾನ ಮಾಡಿ ನೋಡಿದೆ. ನೊಣಕ್ಕೆ ಸೇರಿಸೋ ಡಿಎನ್‌ಎ ತುಣುಕು, ಅಂದರೆ ಕನ್‌ಸ್ಟ್ರಕ್ಟ್, ಕಟ್ಟಿದ್ದು ಬೆಂಗಳೂರಿನ ಒಂದು ಲ್ಯಾಬಿನಲ್ಲಿ. ಜೈವಿಕ ಸುರಕ್ಷತಾ ಸಮಿತಿಯ ಒಪ್ಪಿಗೆ ಸಿಕ್ಕ ಮೇಲೆ ನೊಣ ಸಾಕಿದ್ದು ಕೋಲಾರದಲ್ಲಿ, ನಾನು ಪಾಠ ಮಾಡುವ ಕಾಲೇಜಿನ ಹಿಂದಿನ ಕೋಣೆಯಲ್ಲಿ.

ಊಟ ಮೈಸೂರಿನ ಡ್ರೊಸೊಫಿಲಾ ಲ್ಯಾಬ್‌ಗಳ ಹಳೇ ಪಾಕ: ರವೆ, ಬೆಲ್ಲ, ಅಗರ್, ಬೂಷ್ಟು ಹಿಡಿಯದಿರಲಿ ಅಂತ ಚೂರು ಪ್ರೊಪಿಯಾನಿಕ್ ಆಸಿಡ್. ಶ್ರೀನಿವಾಸಪುರದಿಂದ ಬಂದ ಅಮ್ಮ ಪಾತ್ರೆ ನೋಡಿ, "ಕೇಸರಿಬಾತ್‌ಗೆ ತುಪ್ಪಾನೇ ಹಾಕಿಲ್ವಲ್ಲೇ" ಅಂದಳು. ಅಪ್ಪನಿಗೆ ಇನ್ನೊಂದು ಸಂಕಟ. "ನಮ್ ತೋಟದಾಗೆ ಊಜಿ ಕಾಟ ತಡೆಯಕಾಗ್ತಿಲ್ಲ, ನೀನು ನೋಡಿದ್ರೆ ನೊಣಾನೇ ಸಾಕ್ತಿದೀಯಲ್ಲಮ್ಮಾ!" ಮಾವಿನಕಾಯಿಗೆ ಚುಚ್ಚಿ ಮೊಟ್ಟೆಯಿಡೋ ನೊಣದ ಜಾತಿಯೇ ಬೇರೆ, ನನ್ನದು ಹಣ್ಣು ಹುಳಿಬಂದ ಮೇಲೆ ಮುತ್ತಿಕೊಳ್ಳೋ ಸಣ್ಣದು ಅಂತ ಎಷ್ಟು ಹೇಳಿದರೂ ಅವರಿಗೆ ಈಗಲೂ ನಂಬಿಕೆಯಿಲ್ಲ.

ಎಲ್ಲಿ ಕೆಲಸ ನಡೆಯಬೇಕು ಅಂತ ಹೇಳೋ ಚಾಲಕ ಮೂರು ವಿಧಾನಕ್ಕೂ ಒಂದೇ, ಪ್ಯಾನಿಯರ್-ಗಾಲ್4. ಗಾಲ್4 ಯೀಸ್ಟ್‌ನ ಪ್ರೋಟೀನು. ಯುಎಎಸ್ ಅನ್ನೋ ಡಿಎನ್‌ಎ ತುಣುಕಿನ ಮೇಲೆ ಕೂತು ಅದರ ಮುಂದಿರೋ ಜೀನನ್ನು ಓಡಿಸುತ್ತದೆ. 1993ರಲ್ಲಿ ಬ್ರ್ಯಾಂಡ್ ಮತ್ತು ಪೆರಿಮನ್ ಇದನ್ನು ನೊಣಕ್ಕೆ ಒಗ್ಗಿಸಿದರು. ಪ್ಯಾನಿಯರ್ ಜೀನ್ ಬೆನ್ನಿನ ನಡುಭಾಗದಲ್ಲಿ ಎಚ್ಚರವಾಗಿರುತ್ತದೆ. ಹಾಗಾಗಿ ಯುಎಎಸ್ ಮುಂದೆ ಏನಿಟ್ಟರೂ ಅದರ ಆಟ ಅಲ್ಲೇ.

ಮೊದಲನೆಯದು ಆರ್‌ಎನ್‌ಎಐ. ಇದರಲ್ಲಿ ಡಿಎನ್‌ಎ ಮುಟ್ಟೋದೇ ಇಲ್ಲ. ಎಬೊನಿಯ ಸಂದೇಶವಾಹಕ ಆರ್‌ಎನ್‌ಎಗೆ ಹೊಂದುವ ಜೋಡಿ ಎಳೆಯನ್ನು ಯುಎಎಸ್ ಮುಂದೆ ಇಟ್ಟರೆ ಜೀವಕೋಶವೇ ಆ ಸಂದೇಶವನ್ನು ಹರಿದು ಹಾಕುತ್ತದೆ. ಫೈರ್ ಮತ್ತು ಮೆಲ್ಲೊ 1998ರಲ್ಲಿ ಹುಳದಲ್ಲಿ ಕಂಡು, 2006ರಲ್ಲಿ ನೊಬೆಲ್ ಪಡೆದ ಕೆಲಸ ಇದೇ. ನೊಣದ ಬಹುಪಾಲು ಜೀನ್‌ಗಳಿಗೆ ಸಿದ್ಧ ಸಾಲುಗಳು, ಅಂದರೆ ಆ ಜೋಡಿ ಎಳೆ ಹೊತ್ತ ನೊಣದ ತಳಿಗಳು, ಸಿಗುತ್ತವೆ. ತರಿಸಿ, ಚಾಲಕದ ಜೊತೆ ಕೂಡಿಸಿದರೆ 25 ಡಿಗ್ರಿಯಲ್ಲಿ ಹತ್ತು ದಿನ. ಹನ್ನೊಂದನೇ ದಿನ ಮೈಕ್ರೋಸ್ಕೋಪ್ ಕೆಳಗೆ ಪಟ್ಟೆ ಇತ್ತು. ಆದರೆ ಇದ್ದಿಲ ಕಪ್ಪಲ್ಲ, ಹುರಿದ ಕಾಫಿಬೀಜದ ಬಣ್ಣ. ಸಂದೇಶ ಪೂರ್ತಿ ಅಳಿಯಲ್ಲ. ಇದು ನಾಕ್‌ಡೌನ್, ನಾಕೌಟ್ ಅಲ್ಲ.

ಹೊತ್ತು ಹಿಡಿತಕ್ಕೆ ಬರಲಿ ಅಂತ ಇದಕ್ಕೇ ಗಾಲ್80-ಟಿಎಸ್ ಸೇರಿಸಿದೆ. ಅದು 18 ಡಿಗ್ರಿಯಲ್ಲಿ ಗಾಲ್4ನ ಬಾಯಿ ಕಟ್ಟುತ್ತದೆ, 29ಕ್ಕೆ ಏರಿಸಿದರೆ ತಾನೇ ಕೆಟ್ಟು ದಾರಿ ಬಿಡುತ್ತದೆ. ಓದೋಕೆ ಚೆಂದ. ಏಪ್ರಿಲ್‌ನಲ್ಲಿ 18ರ ಬಾಟಲಿಯಲ್ಲೇ, ಅಂದರೆ ಏನೂ ಆಗಬಾರದ ಕಡೆಯೇ, ತೆಳು ಪಟ್ಟೆಯ ನೊಣಗಳು ಹುಟ್ಟಿದವು. ಕನ್‌ಸ್ಟ್ರಕ್ಟ್ ಸೋರುತ್ತಿದೆ ಅಂತ ಒಂದು ವಾರ ತಲೆ ಕೆಡಿಸಿಕೊಂಡೆ. ಕೊನೆಗೆ ವಾಚ್‌ಮನ್ ಅಣ್ಣ ಹೇಳಿದರು, "ರಾತ್ರಿ ಮೂರು ಗಂಟೆ ಕರೆಂಟ್ ಇರ್ಲಿಲ್ಲ ಮೇಡಂ, ಎರಡು ಸಲ." ಇನ್‌ಕ್ಯುಬೇಟರ್‌ಗೆ ಯುಪಿಎಸ್ ಇರಲಿಲ್ಲ. ನಮ್ಮ ಕಡೆ ಈ ವಿಧಾನಕ್ಕೆ ಕೈ ಹಾಕೋರು ಮೊದಲು ಬ್ಯಾಟರಿಗೆ ದುಡ್ಡು ಎತ್ತಿಡಿ.

ಎರಡನೆಯದು ಫ್ಲಿಪ್-ಎಫ್‌ಆರ್‌ಟಿ. ಎಫ್‌ಆರ್‌ಟಿ ಡಿಎನ್‌ಎಯಲ್ಲಿ ಇಡೋ ಗುರುತು, ಫ್ಲಿಪ್ ಆ ಗುರುತಿನಲ್ಲಿ ಕತ್ತರಿಸಿ ಜೋಡಿಸೋ ಪ್ರೋಟೀನು. ಇಲಿಗಳ ಮೇಲೆ ಕೆಲಸ ಮಾಡೋರ ಕ್ರೆ-ಲಾಕ್ಸ್‌ಪಿ ಇದರ ಸೋದರಸಂಬಂಧಿ. ಅದು ಬ್ಯಾಕ್ಟೀರಿಯಾದ ವೈರಸ್‌ನಿಂದ ಬಂತು, ಇದು ಯೀಸ್ಟ್‌ನಿಂದ. ಎರಡರಲ್ಲೂ ಗುರುತು 34 ಡಿಎನ್‌ಎ ಅಕ್ಷರದ್ದು: ಆ ಕಡೆ ಈ ಕಡೆ 13, ನಡುವೆ ದಿಕ್ಕು ಹೇಳುವ 8. ಎರಡು ಎಫ್‌ಆರ್‌ಟಿ ಒಂದೇ ದಿಕ್ಕಿಗಿದ್ದರೆ ನಡುವಿನ ತುಂಡು ಕಳಚಿ ಬೀಳುತ್ತದೆ, ಎದುರುಬದುರಾಗಿದ್ದರೆ ಬರೀ ತಿರುಗಿ ಕೂರುತ್ತದೆ.

ವಿನ್ಯಾಸದ ತಲೆನೋವೆಲ್ಲ ಇಲ್ಲಿದೆ. ಯಾವ ಎಕ್ಸಾನ್, ಅಂದರೆ ಜೀನಿನಲ್ಲಿ ಸಂದೇಶಕ್ಕೆ ಉಳಿಯುವ ಯಾವ ತುಂಡು, ತೆಗೆಯೋದು? ಜೀನಿನ ಮುಂಭಾಗದ್ದಾಗಿರಬೇಕು, ಅದರ ಎಲ್ಲ ರೂಪಗಳಲ್ಲೂ ಇರಬೇಕು, ಉದ್ದ ಮೂರರಿಂದ ಭಾಗವಾಗಬಾರದು. ಜೀವಕೋಶ ಅಕ್ಷರಗಳನ್ನು ಮೂರು ಮೂರಾಗಿ ಓದುವುದರಿಂದ, ಭಾಗವಾದರೆ ಮುಂದಿನ ಓದು ಹಳಿ ತಪ್ಪಲ್ಲ, ಮೊಟಕಾದ ಪ್ರೋಟೀನು ಅರ್ಧ ಕೆಲಸ ಮಾಡಿಕೊಂಡು ಕೂರುತ್ತದೆ. ಎಫ್‌ಆರ್‌ಟಿಗಳನ್ನು ಇಂಟ್ರಾನ್ ಒಳಗೆ, ಅಂದರೆ ಎಕ್ಸಾನ್‌ಗಳ ನಡುವೆ ಇದ್ದು ಸಂದೇಶದಿಂದ ಕತ್ತರಿಸಿ ಹೋಗುವ ಭಾಗದಲ್ಲಿ, ಎಕ್ಸಾನ್ ಅಂಚಿನಿಂದ ದೂರ ಇಡಬೇಕು. ನನ್ನ ಮೊದಲ ಕನ್‌ಸ್ಟ್ರಕ್ಟ್‌ನಲ್ಲಿ ತೀರ ಅಂಚಿಗೆ ಇಟ್ಟುಬಿಟ್ಟಿದ್ದೆ. ಫ್ಲಿಪ್ ಇಲ್ಲದೆಯೇ ನೊಣದ ಮೈ ಮಂಕಾಗಿತ್ತು, ಅಂದರೆ ಎಕ್ಸಾನ್‌ಗಳನ್ನು ಜೋಡಿಸುವ ಸ್ಪ್ಲೈಸಿಂಗ್ ಆಗಲೇ ಎಡವುತ್ತಿತ್ತು. ನಾಲ್ಕು ತಿಂಗಳು ಮಣ್ಣುಪಾಲು. ಎರಡನೇ ಸಲ ಆ ಕಡೆ ಈ ಕಡೆ ಸಾವಿರ ಅಕ್ಷರದ ಹೋಮಾಲಜಿ ತೋಳು (ನೊಣದ ಡಿಎನ್‌ಎಗೆ ಹೊಂದಿಕೊಂಡು ಕನ್‌ಸ್ಟ್ರಕ್ಟನ್ನು ಸರಿಯಾದ ಜಾಗಕ್ಕೆ ಕೂರಿಸುವ ತುದಿ), ಕಣ್ಣಲ್ಲಿ ಕೆಂಪು ಹೊಳೆಯುವ ಡಿಎಸ್-ರೆಡ್ ಗುರುತು, ಆ ಗುರುತಿನ ಎರಡೂ ಬದಿಗೆ ಲಾಕ್ಸ್‌ಪಿ. ಸರಿಯಾದ ನೊಣ ಸಿಕ್ಕ ಮೇಲೆ ಕ್ರೆಯಿಂದ ಗುರುತು ಕಿತ್ತೆ. ಇಂಟ್ರಾನ್‌ನಲ್ಲಿ ಗುರುತು ಉಳಿಸಿಕೊಂಡರೆ ಅದೇ ಇನ್ನೊಂದು ತೊಂದರೆ.

ಆಮೇಲೆ ಬ್ಯಾಲೆನ್ಸರ್ ಎಡವಟ್ಟು. ಬ್ಯಾಲೆನ್ಸರ್ ಅಂದರೆ ಜೀನ್ ಜೋಡಣೆ ಕಲಸಿಹೋಗದಂತೆ ಕಾಯೋಕೆ ಇಟ್ಟುಕೊಳ್ಳೋ ಕ್ರೋಮೋಸೋಮು. ಮೊದಲ ಬಾಟಲಿಯಲ್ಲೇ ಪಟ್ಟೆ ಇದ್ದಿಲಿನಂತೆ ಬಂತು, ಸಿಹಿ ಹಂಚಿದೆ. ಮಾರನೇ ದಿನ ನೋಡಿದರೆ ಆ ನೊಣಗಳ ಭುಜದಲ್ಲಿ ಹೆಚ್ಚುವರಿ ರೋಮ, ಅಂದರೆ ಟಿಎಂ6ಬಿ ಅನ್ನೋ ಬ್ಯಾಲೆನ್ಸರ್. ಆ ಬ್ಯಾಲೆನ್ಸರ್ ಕ್ರೋಮೋಸೋಮಿನಲ್ಲೇ ಎಬೊನಿ ಕೆಟ್ಟಿರುತ್ತದೆ! ಎಬೊನಿಯ ಎರಡು ಪ್ರತಿಗಳಲ್ಲಿ ಒಂದು ಮೊದಲೇ ಹೋಗಿದ್ದರಿಂದ ಫ್ಲಿಪ್‌ಗೆ ಒಂದನ್ನು ಕತ್ತರಿಸಿದರೆ ಸಾಕಾಗಿತ್ತು. ಎರಡೂ ಪ್ರತಿ ಕತ್ತರಿಸಬೇಕಾದ ನೊಣಗಳಲ್ಲಿ ಪಟ್ಟೆಯ ಅಂಚು ಕಂದಾಗಿಯೇ ಉಳಿದಿತ್ತು. ನಾಚಿಕೆಯಾಯಿತು, ಆದರೆ ಪಾಠವೂ ಆಯಿತು: ಒಂದು ಪ್ರತಿ ಕೆಟ್ಟದ್ದು, ಇನ್ನೊಂದಕ್ಕೆ ಎಫ್‌ಆರ್‌ಟಿ ಅಂತ ಬೇಕೆಂದೇ ಜೋಡಿಸಿದರೆ ಕೆಲಸ ಹಗುರ. ಒಂದು ಪ್ರತಿ ಕೆಟ್ಟು ಎಫ್‌ಆರ್‌ಟಿ ಹಾಗೇ ಇರುವ ನೊಣಗಳನ್ನು ಫ್ಲಿಪ್ ಇಲ್ಲದೆ ಬೇರೆ ಬಾಟಲಿಯಲ್ಲಿ ಸಾಕಿ ಹೋಲಿಸಬೇಕು, ಅಷ್ಟೆ.

ಮೂರನೆಯದು ಕ್ರಿಸ್ಪರ್: ಡಿಎನ್‌ಎ ಕತ್ತರಿಸೋ ಪ್ರೋಟೀನಿನ ಯುಎಎಸ್-ಕ್ಯಾಸ್9, ಜೊತೆಗೆ ಎಲ್ಲಿ ಕತ್ತರಿಸಬೇಕು ಅಂತ ತೋರಿಸೋ, ಎಬೊನಿಗೆ ಗುರಿಯಿಟ್ಟ ಗೈಡ್ ಆರ್‌ಎನ್‌ಎ. ಕಟ್ಟೋದು ಸಲೀಸು, ಎಬೊನಿಯ ಜಾಗ ಮುಟ್ಟಬೇಕಿಲ್ಲ. ಪಟ್ಟೆ ಮಾತ್ರ ಕೌದಿಯಂತೆ ತೇಪೆ ತೇಪೆ. ಕತ್ತರಿಸಿದ ಜಾಗವನ್ನು ಜೀವಕೋಶ ತನಗೆ ತೋಚಿದ ಹಾಗೆ ಹೊಲಿಯುತ್ತದೆ. ಸುಮಾರು ಮೂರರಲ್ಲಿ ಒಂದು ಸಲ ಮೂರರ ಲೆಕ್ಕದಲ್ಲೇ ಅಕ್ಷರ ಹೋಗಿ ಓದು ಹಳಿ ತಪ್ಪದೆ ಉಳಿಯುತ್ತದೆ. ಎರಡೂ ಪ್ರತಿ ಹಳಿ ತಪ್ಪುವ ಅವಕಾಶ ಒಂಬತ್ತರಲ್ಲಿ ನಾಲ್ಕು, ಅರ್ಧವೂ ಅಲ್ಲ. ಗೈಡ್ ಎರಡು ಹಾಕಿದ ಮೇಲೆ ತೇಪೆ ಕಡಿಮೆಯಾಯಿತು. ಇನ್ನೊಂದು ವಿಷಯ, ಚಾಲಕ ಇಲ್ಲದಿದ್ದರೂ ಯುಎಎಸ್-ಕ್ಯಾಸ್9 ಚೂರು ಸೋರುತ್ತದೆ. ಚಾಲಕವಿಲ್ಲದ ಬಾಟಲಿಯಲ್ಲಿ ನೊಣವೊಂದರ ಹೊಟ್ಟೆಯ ಮೇಲೆ ಸಾಸಿವೆಯಷ್ಟೂ ಇಲ್ಲದ ಕಪ್ಪು ಚುಕ್ಕೆ ಕಂಡಾಗಲೇ ನನಗೆ ಇದರ ಮೇಲಿನ ಭರವಸೆ ಅರ್ಧ ಇಳಿಯಿತು.

ಪಟ್ಟೆ ಬಂದಾಗ ಮೂರೂ ಚೆಂದವೇ. ಬರದಿದ್ದಾಗ ಏನು ಅನ್ನೋದೇ ನನ್ನ ತಕ್ಕಡಿ. ಆರ್‌ಎನ್‌ಎಐನಲ್ಲಿ ಬರದಿದ್ದರೆ ಜೀನ್‌ಗೆ ಕೆಲಸವಿಲ್ಲವೋ, ಸಂದೇಶ ಸಾಕಷ್ಟು ಅಳಿದಿಲ್ಲವೋ ಗೊತ್ತಾಗಲ್ಲ. ಕ್ರಿಸ್ಪರ್‌ನಲ್ಲಿ ತೇಪೆಯ ಅನುಮಾನ. ಎಫ್‌ಆರ್‌ಟಿಯಲ್ಲಿ ತುಂಡು ಬಿತ್ತೋ ಇಲ್ಲವೋ ಪಿಸಿಆರ್ ಹೇಳುತ್ತದೆ. ಬಿದ್ದೂ ಏನೂ ಆಗದಿದ್ದರೆ ಮೊದಲೇ ತಯಾರಾಗಿದ್ದ ಪ್ರೋಟೀನು ಕರಗಲಿ ಅಂತ ಕೆಲವು ದಿನ ಕಾಯಬೇಕು. ಆಗಲೂ ಇಲ್ಲ ಅಂದರೆ ಇಲ್ಲ.

ಇದನ್ನೆಲ್ಲ ಕೇಳಿದ ನಮ್ಮ ಎಂ.ಎಸ್ಸಿ. ಹುಡುಗಿ ಆರ್‌ಎನ್‌ಎಐ ಸಾಲು ತರಿಸಿದ್ದಾಳೆ. ಅದು ಬರೋದರೊಳಗೆ ಎಫ್‌ಆರ್‌ಟಿಯ ನಕ್ಷೆಯೂ ಆಗಲಿ ಅಂದಿದ್ದೆ. ಮೊನ್ನೆ ಎಕ್ಸಾನ್ ಆರಿಸಿ, ಬಣ್ಣದ ಪೆನ್ನಲ್ಲಿ ಅಚ್ಚುಕಟ್ಟಾಗಿ ಬರೆದು ತಂದಳು. ಉದ್ದ 141.

"ಮೂರರಿಂದ ಭಾಗಿಸಿ ನೋಡಮ್ಮ" ಅಂದೆ.

ತುಟಿ ಅಲ್ಲಾಡಿಸಿ ಲೆಕ್ಕ ಹಾಕಿದಳು. ಕಾಗದ ಮಡಚಿಕೊಂಡು ಎದ್ದು ಹೋದಳು.