ಒದ್ದೆ ಮನೆಯನ್ನು ಒಣಗಿಸಿಕೊಡುವ ಸೇವೆ: ಟೆಕ್ಸಾಸ್‌ನ ಹಿಮ ಬಿರುಗಾಳಿಯ ನಂತರದ ಅನುಭವ

2021ರ ಫೆಬ್ರವರಿಯ ಹಿಮ ಬಿರುಗಾಳಿಯಲ್ಲಿ ಅಟ್ಟದ ಪೈಪು ಒಡೆದು ನೀರು ನುಗ್ಗಿದ ಡಲ್ಲಾಸ್ ಸುತ್ತಲಿನ ಮನೆಗಳಲ್ಲಿ ನಮ್ಮದೂ ಒಂದು. ಒಡೆದ ಪೈಪನ್ನು ಸರಿಪಡಿಸುವುದು ಪ್ಲಂಬರನ ಕೆಲಸ. ನೀರು ಕುಡಿದ ಗೋಡೆ, ನೆಲ, ಸೀಲಿಂಗುಗಳನ್ನು ಒಣಗಿಸಲು ಇಲ್ಲಿ ಬೇರೆಯೇ ಕಂಪನಿಗಳಿವೆ. ನಾವು ಕರೆಸಿದ ಕಂಪನಿಯನ್ನು ಹೆಸರಿಸುತ್ತಿಲ್ಲ, ಏಕೆಂದರೆ ಅದರ ಗುಣದೋಷಗಳನ್ನೇ ಬೇರೆ ಕಂಪನಿಗಳಲ್ಲೂ ಕಂಡುದಾಗಿ ನೆರೆಹೊರೆಯವರು ಹೇಳಿದ್ದಾರೆ. ಒಣಗಿಸುವುದರಲ್ಲಿ ಅವರು ನಿಪುಣರು. ಲೆಕ್ಕಪತ್ರದ ವಿಷಯದಲ್ಲಿ ಆ ಮಾತು ಹೇಳಲಾರೆ.

ಫೆಬ್ರವರಿ 16ರಂದು ಡಲ್ಲಾಸ್ ವಿಮಾನ ನಿಲ್ದಾಣದಲ್ಲಿ ತಾಪಮಾನ ಮೈನಸ್ 19 ಡಿಗ್ರಿ ಸೆಲ್ಸಿಯಸ್‌ಗೆ ಇಳಿದಿತ್ತು. ಅದರ ಹಿಂದಿನ ನಸುಕಿನಲ್ಲೇ, ವಿದ್ಯುತ್ ಜಾಲ ಪೂರ್ತಿ ಕುಸಿಯದಿರಲೆಂದು ಅದನ್ನು ನಿಭಾಯಿಸುವ ಎರ್ಕಾಟ್ ಸಂಸ್ಥೆ ಕಡಿತ ಆರಂಭಿಸಿದ್ದರಿಂದ ಸುಮಾರು 45 ಲಕ್ಷ ಮನೆ, ಅಂಗಡಿಗಳು ಕತ್ತಲಾಗಿದ್ದವು. ಇಲ್ಲಿಯ ಅನೇಕ ಮನೆಗಳಲ್ಲಿ ನೀರಿನ ಪೈಪುಗಳು ಅಟ್ಟದಲ್ಲಿ ಹಾಯುತ್ತವೆ; ಹೀಟರ್ ನಿಂತರೆ ಅವುಗಳಿಗೆ ರಕ್ಷಣೆಯೇ ಇಲ್ಲ. ಹೆಪ್ಪುಗಟ್ಟುವ ನೀರು ಶೇ 9ರಷ್ಟು ಹಿಗ್ಗುತ್ತದೆ, ಆ ಮಂಜುಗಡ್ಡೆಗೂ ಮುಚ್ಚಿದ ನಲ್ಲಿಗೂ ನಡುವೆ ಸಿಕ್ಕಿಬಿದ್ದ ನೀರಿನ ಒತ್ತಡಕ್ಕೆ ಪೈಪು ಸೀಳುತ್ತದೆ. ಸೀಳಿದ್ದು ಗೊತ್ತಾಗುವುದು ಮಾತ್ರ ಗಡ್ಡೆ ಕರಗಿದ ಮೇಲೆ.

ಇಡೀ ಊರೇ ಕರೆ ಮಾಡುತ್ತಿದ್ದಾಗ ತಂಡ ತಕ್ಷಣ ಬರುವುದು ಸಾಧ್ಯವಿರಲಿಲ್ಲ, ಅದನ್ನು ದೋಷವೆನ್ನುವುದು ಸರಿಯಲ್ಲ. ಫೋನೆತ್ತಿದ ಮಹಿಳೆ, ರಸ್ತೆಯಂಚಿನ ಮೀಟರ್ ಪೆಟ್ಟಿಗೆಯಲ್ಲಿ ನೀರು ನಿಲ್ಲಿಸಿ ಎಲ್ಲ ನಲ್ಲಿಗಳನ್ನು ತೆರೆದಿಡುವಂತೆಯೂ, ನೀರು ತುಂಬಿ ಜೋತುಬಿದ್ದ ಸೀಲಿಂಗಿನ ಕೆಳಗೆ ಬಕೆಟ್ ಇಟ್ಟು ಪಕ್ಕದಲ್ಲಿ ನಿಂತು ಸ್ಕ್ರೂಡ್ರೈವರಿನಿಂದ ಸಣ್ಣ ತೂತು ಮಾಡುವಂತೆಯೂ ಹೇಳಿದರು. ಹಾಗೆ ಮಾಡಿದ್ದರಿಂದಲೇ ಸೀಲಿಂಗಿನ ಹಲಗೆ ಪೂರ್ತಿ ಕಳಚಿ ಬೀಳಲಿಲ್ಲ.

ತಂಡ ಬಂದ ಮೇಲೆ ಮೊದಲು ಮಾಡಿದ್ದು ತೇವ ಅಳೆಯುವ ಕೆಲಸ. ಎರಡು ಸೂಜಿಗಳ ಪುಟ್ಟ ಮೀಟರನ್ನು ಗೋಡೆಗೆ ಚುಚ್ಚುತ್ತ ಹೋದಂತೆ, ಕಣ್ಣಿಗೂ ಕೈಗೂ ಒಣಗಿದಂತಿದ್ದ ಜಾಗದಲ್ಲೇ ಅದು ಕಿರುಗುಟ್ಟತೊಡಗಿತು. ನೆಲದಿಂದ ಎರಡು ಅಡಿ ಎತ್ತರಕ್ಕೆ ಡ್ರೈವಾಲನ್ನು, ಅಂದರೆ ಗೋಡೆಯ ಜಿಪ್ಸಂ ಹಲಗೆಯನ್ನು, ನೇರ ಗೆರೆಯಲ್ಲಿ ಕೊಯ್ದು ತೆಗೆದಾಗ, ಶಾಖ ಸೋರದಂತೆ ಒಳಗೆ ತುಂಬಿದ್ದ ಗುಲಾಬಿ ಬಣ್ಣದ ಫೈಬರ್ ಗ್ಲಾಸ್ ನೆನೆದ ಹತ್ತಿಯ ಹಾಸಿಗೆಯಂತೆ ಭಾರವಾಗಿ ಕುಸಿದು ಕೂತಿತ್ತು. ಒಂದೆರಡು ದಿನ ಹಾಗೆಯೇ ಬಿಟ್ಟರೂ ಬೂಷ್ಟು ಹಿಡಿಯಬಹುದಾದ್ದರಿಂದ ಈ ಕೊಯ್ತವನ್ನು ದುಂದೆನ್ನಲಾರೆ. ದೇವರ ಕೋಣೆಯ ಗೋಡೆಯ ಸರದಿ ಬಂದಾಗ ಹುಡುಗನೊಬ್ಬ ತಾನಾಗಿಯೇ ಬೂಟು ಕಳಚಿಟ್ಟು, ಏನನ್ನು ಯಾರು ಎತ್ತಿಡಬೇಕೆಂದು ನಮ್ಮನ್ನು ಕೇಳಿದ. ಬೀಸುಗಾಳಿಯ ಯಂತ್ರಗಳನ್ನೂ ಗಾಳಿಯ ತೇವ ಹೀರುವ ಡಿಹ್ಯುಮಿಡಿಫೈಯರುಗಳನ್ನೂ ಒಂದೇ ಸಾಲಿಗೆ ಸಿಕ್ಕಿಸಿದರೆ ಬ್ರೇಕರ್ ಬೀಳುತ್ತದೆಂದು ಬೇರೆ ಬೇರೆ ಕೋಣೆಗಳ ಪ್ಲಗ್ಗುಗಳಿಗೆ ಹಂಚಿದರು. ಸದ್ದು ಅಸಹನೀಯ, ಆ ಮನೆಯಲ್ಲಿ ಮಲಗುವ ಯೋಚನೆ ಬೇಡ. ಪ್ರತಿದಿನ ಬಂದು ಅದೇ ಜಾಗಗಳಲ್ಲಿ ತೇವ ಅಳೆದು ಬರೆದಿಡುತ್ತಿದ್ದರು. ಈ ದಿನವಹಿ ಬರಹದ ಪ್ರತಿಯನ್ನು ಕೇಳಿ ಪಡೆಯಿರಿ, ಏಕೆಂದರೆ ಯಂತ್ರಗಳ ಬಾಡಿಗೆ ದಿನದ ಲೆಕ್ಕದಲ್ಲಿ ಬೀಳುತ್ತದೆ; ಒಣಗಿದ ಕೋಣೆಯಲ್ಲೂ ಯಂತ್ರ ಓಡುತ್ತಿದ್ದರೆ ಪ್ರಶ್ನಿಸಲು ಬೇರೆ ಆಧಾರವಿಲ್ಲ.

ತಕರಾರು ಶುರುವಾಗುವುದೇ ಇಲ್ಲಿಂದ. ಕೆಲಸಕ್ಕೆ ಒಪ್ಪಿಗೆಯೆಂದು ಟ್ಯಾಬ್ಲೆಟ್ಟಿನ ಮೇಲೆ ಸಹಿ ಕೇಳಿದ ಪತ್ರದಲ್ಲೇ, ವಿಮೆಯ ಹಣ ನೇರವಾಗಿ ಅವರಿಗೆ ಸಲ್ಲಬೇಕೆಂಬ ಸಾಲು ಸೇರಿತ್ತು. ಅದನ್ನು ತೆಗೆಸಿದ ಬಳಿಕವಷ್ಟೇ ಸಹಿ ಹಾಕಿದೆವು. ಬಿಲ್ಲಿನಲ್ಲಿ ಎಣಿಸಿದ ಯಂತ್ರಗಳು ಮನೆಯಲ್ಲಿದ್ದವುಗಳಿಗಿಂತ ಹೆಚ್ಚಿದ್ದವು. ನಾವು ತೆಗೆದಿದ್ದ ಫೋಟೋ ತೋರಿಸಿದ ಮೇಲೆ ತಿದ್ದಿದರು. ಇದಕ್ಕಿಂತ ಕೆಟ್ಟದ್ದೆಂದರೆ, ವಿಮಾ ಕಂಪನಿ ಕೊಡದೆ ನಾವೇ ಭರಿಸಬೇಕಾದ ಡಿಡಕ್ಟಿಬಲ್ ಮೊತ್ತವನ್ನು ‘ಹೇಗಾದರೂ ಹೊಂದಿಸೋಣ’ ಎಂಬ ಅವರ ಮಾತು. ಗುತ್ತಿಗೆದಾರರು ಹಾಗೆ ಮನ್ನಾ ಮಾಡುವುದನ್ನು ಟೆಕ್ಸಾಸ್ 2019ರಲ್ಲೇ ಕಾನೂನಿನಿಂದ ನಿಷೇಧಿಸಿದೆ.

ಗೋಡೆ ಕಟ್ಟುವುದು, ಬಣ್ಣ, ಅಡುಗೆಮನೆಯ ಕಪಾಟು ಎಲ್ಲವನ್ನೂ ತಾವೇ ಮಾಡಿಕೊಡುವುದಾಗಿ ಅವರು ಹೇಳಿದರೂ, ದರಪಟ್ಟಿ ನೋಡಿದ ಮೇಲೆ ನಾವು ಒಪ್ಪಲಿಲ್ಲ. ಅಟ್ಟದ ಪೈಪನ್ನು ಪೆಕ್ಸ್ ಎಂಬ ಬಾಗುವ ಪ್ಲಾಸ್ಟಿಕ್ ಪೈಪಿಗೆ ಬದಲಾಯಿಸುವ ಕೆಲಸವನ್ನು, ರಾಜ್ಯದ ಪ್ಲಂಬಿಂಗ್ ಮಂಡಳಿಯ ಜಾಲತಾಣದಲ್ಲಿ ಪರವಾನಗಿ ಸಂಖ್ಯೆಯನ್ನು ಪರಿಶೀಲಿಸಿ, ಬೇರೊಬ್ಬ ಪ್ಲಂಬರಿಗೆ ವಹಿಸಿದೆವು.