ಲವಾರ್ಡ್ ಕಲ್ಲಿದ್ದಲು ಗಣಿ ಮ್ಯೂಸಿಯಂ: ಆಳಕ್ಕೆ ಇಳಿಸುವುದಿಲ್ಲ, ಆದರೂ ನೋಡಲೇಬೇಕು

ಉತ್ತರ ಫ್ರಾನ್ಸಿನ ದುವೆ ಪಟ್ಟಣದಿಂದ ಸುಮಾರು 8 ಕಿ.ಮೀ. ದೂರದ ಲವಾರ್ಡ್‌ಗೆ ಹೋಗುವವರಿಗೆ ಒಂದು ಮಾತು ಮೊದಲೇ ಗೊತ್ತಿರಲಿ. ಲಿಫ್ಟ್ ಇಳಿದಂತೆ ಅನ್ನಿಸಿದರೂ ನೀವು ನಡೆಯುವುದು ನೆಲಮಟ್ಟದಲ್ಲೇ ಕಟ್ಟಿದ 450 ಮೀಟರ್ ಸುರಂಗದಲ್ಲಿ. ಮೋಸವೇನಲ್ಲ. ಇಲ್ಲಿನ ದೆಲ್ವಾ ಗಣಿ 1931ರಿಂದ 1971ರವರೆಗೆ ನಡೆಯಿತು, ಆಮೇಲೆ ಬಾವಿಗಳನ್ನು ತುಂಬಿಸಿದರು. ಪಂಪು, ಫ್ಯಾನು ನಿಂತ ಗಣಿಯಲ್ಲಿ ನೀರು ಏರುತ್ತದೆ, ಕಲ್ಲಿದ್ದಲಿನಿಂದ ಹೊರಡುವ, ಬೆಂಕಿ ಹತ್ತುವ ಅನಿಲ ಮೀಥೇನ್ ಕಟ್ಟಿಕೊಳ್ಳುತ್ತದೆ. ಅಲ್ಲಿಗೆ ಜನರನ್ನು ಬಿಡಲಾಗದು.

ಅಸಲಿ ಇರುವುದು ಮೇಲಿನ ಕಟ್ಟಡಗಳಲ್ಲಿ. ಬಟ್ಟೆ ಬದಲಿಸುವ ಹಾಲ್‌ನಲ್ಲಿ ತಲೆ ಎತ್ತಿ ನೋಡಿ: ಕೊಕ್ಕೆಗೆ ಸಿಕ್ಕಿಸಿದ ಬಟ್ಟೆ, ಬೂಟುಗಳನ್ನು ಸರಪಳಿಯಿಂದ ಚಾವಣಿಗೆ ಏರಿಸಿದ್ದಾರೆ. ಒದ್ದೆ ಬಟ್ಟೆ ಮೇಲಿನ ಬಿಸಿಗಾಳಿಗೆ ಒಣಗುತ್ತಿತ್ತು, ಕೆಳಗೆ ಜಾಗವೂ ಉಳಿಯುತ್ತಿತ್ತು. ದೀಪದ ಕೋಣೆಗೂ ಸಮಯ ಕೊಡಿ. ಗಣಿಗ ತನ್ನ ನಂಬರಿನ ಬಿಲ್ಲೆ ಕೊಟ್ಟರೆ ದೀಪ ಸಿಗುತ್ತಿತ್ತು; ಪಾಳಿ ಮುಗಿದ ಮೇಲೂ ಬಿಲ್ಲೆ ಅಲ್ಲೇ ಇದ್ದರೆ ಆ ನಂಬರಿನವ ಇನ್ನೂ ಒಳಗಿದ್ದಾನೆ ಎಂದರ್ಥ. ಹಳೆಯ ಜಾಲರಿ ದೀಪ ಬೆಳಕಿಗಷ್ಟೇ ಅಲ್ಲ. ಮೀಥೇನ್ ಇದ್ದರೆ ಜ್ವಾಲೆಯ ಮೇಲೆ ನೀಲಿ ಟೋಪಿ ಮೂಡುತ್ತದೆ. ಗಾಳಿಯಲ್ಲಿ ಅದು ಶೇ. 5ರಿಂದ 15ರಷ್ಟಿದ್ದರೆ ಸ್ಫೋಟಕ್ಕೆ ಒಂದು ಕಿಡಿ ಸಾಕು. ಕಲ್ಲಿದ್ದಲಿನ ದೂಳು ಇನ್ನೂ ಕೆಟ್ಟದ್ದು. 1906ರ ಮಾರ್ಚ್ 10ರಂದು ಇದೇ ಸೀಮೆಯ ಕೂರಿಯೇರ್ ಗಣಿಯಲ್ಲಿ ದೂಳಿನ ಸ್ಫೋಟಕ್ಕೆ 1099 ಮಂದಿ ಸತ್ತರು. 13 ಜನ 20 ದಿನ ಕತ್ತಲಲ್ಲಿ ಅಲೆದು ಬದುಕಿ ಬಂದರು.

ಸುರಂಗದ ಬಲ ಅದರ ಅನುಕ್ರಮ. ಗುದ್ದಲಿ, ಕುದುರೆ, ಗಾಳಿ ಒತ್ತಡದ ಡ್ರಿಲ್, ಕೊನೆಗೆ ಯಂತ್ರ. ಮರದ ಆಧಾರಕಂಬಗಳನ್ನು ಗಮನಿಸಿ. ಮುರಿಯುವ ಮೊದಲು ಮರ ಕಿರುಗುಟ್ಟಿ ಎಚ್ಚರಿಸುತ್ತದೆ ಎಂದು ಗಣಿಗರು ಅದನ್ನು ನಂಬುತ್ತಿದ್ದರು. ಡ್ರಿಲ್ ಬಂದ ಮೇಲೆ ಉತ್ಪಾದನೆಯ ಜೊತೆ ಶ್ವಾಸಕೋಶ ಸೇರುವ ಸಿಲಿಕಾ ದೂಳೂ ಹೆಚ್ಚಿತು. ಆ ದೂಳಿನಿಂದ ಬರುವ ಶ್ವಾಸಕೋಶದ ಕಾಯಿಲೆ ಸಿಲಿಕೋಸಿಸ್ ಅನ್ನು ಫ್ರಾನ್ಸ್ ವೃತ್ತಿರೋಗವೆಂದು ಒಪ್ಪಿದ್ದು 1945ರಲ್ಲಿ.

ಕೊರತೆಯೂ ಇದೆ. ಇಲ್ಲಿ ದಾರಿ ಅಗಲ, ನೆಲ ಸಲೀಸು. ನಿಜವಾದ ಕಲ್ಲಿದ್ದಲ ಪದರಗಳು ಎಷ್ಟೋ ಕಡೆ ಒಂದು ಮೀಟರ್ ಎತ್ತರವೂ ಇರಲಿಲ್ಲ, ಪಕ್ಕಕ್ಕೆ ಮಲಗಿ ಕೆತ್ತಬೇಕಿತ್ತು. ಆ ಸೆಕೆ, ಆ ದೂಳು ಯಾವ ಮ್ಯೂಸಿಯಂನಲ್ಲೂ ಸಿಗದು ಬಿಡಿ. ಸುರಂಗಕ್ಕೆ ಗೈಡ್ ಜೊತೆಗೇ ಹೋಗಬೇಕು, ವಿವರಣೆ ಹೆಚ್ಚಾಗಿ ಫ್ರೆಂಚ್‌ನಲ್ಲಿ. ಇಂಗ್ಲಿಷ್ ಬೇಕಿದ್ದರೆ ಬುಕಿಂಗ್ ಮಾಡುವಾಗಲೇ ಕೇಳಿಕೊಳ್ಳಿ. ಅರ್ಧ ದಿನ ಇಟ್ಟುಕೊಳ್ಳಿ. ಒಂದೇ ಗಂಟೆ ಇದ್ದರೆ ಸುರಂಗ ಬಿಟ್ಟು ದೀಪದ ಕೋಣೆ ನೋಡಿ.