ಹಳೇ ಟ್ರಾಮ್ ಹಳಿ ಹುಡುಕಲು ಪಿಕ್ ಗ್ಲಾಸ್: ನಾಲ್ಕು ವರ್ಷ ಬಳಸಿದ ಮೇಲೆ

ಪಿಕ್ ಗ್ಲಾಸ್ ಕೊಳ್ಳುವವರು ಮೊದಲು ಅದರ ಕೆಳಗಿನ ಅಂಚನ್ನು ಬೆರಳಿನಿಂದ ಸವರಿ ನೋಡಿ, ಆಮೇಲೆ ದುಡ್ಡು ಕೊಡಿ. ನಾನು ಗಾಜು ಮಾತ್ರ ನೋಡಿ ತಂದೆ. ಈ ನಾಲ್ಕು ವರ್ಷದಲ್ಲಿ ಇದು ಕೊಟ್ಟ ಖುಷಿ ತುಂಬಾ ಇದೆ, ಆದರೆ ಆ ಅಂಚು ಮಾಡಿದ ನಷ್ಟ ಇನ್ನೂ ಮನಸ್ಸಿನಿಂದ ಹೋಗಿಲ್ಲ.

ಬಟ್ಟೆ ವ್ಯಾಪಾರದವರಿಗೆ ಇದೇನು ಅಂತ ಹೇಳಬೇಕಿಲ್ಲ. ಮೂರು ಮಡಿಕೆಯ ಪಿತ್ತಳೆ ಚೌಕಟ್ಟು, ಮೇಲೆ ಭೂತಗನ್ನಡಿ, ಕೆಳಗೆ ಒಂದಿಂಚು ಚೌಕದ ಕಿಂಡಿ. ಬಟ್ಟೆಯ ಮೇಲಿಟ್ಟು ಹಾಸಿನ ಎಳೆ ಎಷ್ಟು, ಹೊಕ್ಕಿನ ಎಳೆ ಎಷ್ಟು ಅಂತ ಎಣಿಸುತ್ತಾರೆ. ನಾನು ಅದರಲ್ಲಿ ಹಳಿ ಎಣಿಸುತ್ತೇನೆ. ಮುಂಬಯಿಯ ಟ್ರಾಮ್ ಹಳಿಗಳು ರಸ್ತೆಯಲ್ಲಿ ಎಲ್ಲೆಲ್ಲಿ ಇದ್ದವು, ಎಲ್ಲಿ ಒಂಟಿ, ಎಲ್ಲಿ ಜೋಡಿ, ಯಾವ ಮೂಲೆಯಲ್ಲಿ ಹೇಗೆ ಬಾಗುತ್ತಿದ್ದವು ಅಂತ ಒಂದು ನಕ್ಷೆ ಬರೆಯುತ್ತಿದ್ದೇನೆ. ಫೋರ್ಟಿನ ಹೋಟೆಲಿನಲ್ಲಿ ಕೆಲಸಕ್ಕಿದ್ದ ನಮ್ಮ ದೊಡ್ಡಪ್ಪ ಟ್ರಾಮಿನಲ್ಲಿ ಓಡಾಡಿದವರು. ಊರಿಂದ ಫೋನ್ ಮಾಡಿದಾಗಲೆಲ್ಲ ಅವರದು ಒಂದೇ ಪ್ರಶ್ನೆ: "ಎಲ್ಲಿಗೆ ಬಂತು ಮಾರಾಯ ನಿನ್ನ ಟ್ರಾಮು?"

ಯಾವ ರಸ್ತೆಯಲ್ಲಿ ಟ್ರಾಮ್ ಇತ್ತು ಅಂತ ತಿಳಿಯುವುದು ಕಷ್ಟವಲ್ಲ. 1874ರ ಮೇ 9ರಂದು ಕುದುರೆ ಟ್ರಾಮ್ ಶುರುವಾಯಿತು. ಒಂದು ದಾರಿ ಕೊಲಾಬಾದಿಂದ ಕ್ರಾಫರ್ಡ್ ಮಾರ್ಕೆಟ್ ಮೇಲೆ ಪಾಯಧುನಿಗೆ, ಇನ್ನೊಂದು ಬೋರಿಬಂದರಿನಿಂದ ಕಾಲ್ಬಾದೇವಿ ಮೇಲೆ ಅದೇ ಪಾಯಧುನಿಗೆ. 1907ರ ಮೇ 7ಕ್ಕೆ ವಿದ್ಯುತ್ ಟ್ರಾಮ್ ಬಂತು, 1920ರಲ್ಲಿ ಡಬಲ್ ಡೆಕ್ಕರ್. ಕೊನೆಯ ಟ್ರಾಮ್ ಬೋರಿಬಂದರಿನಿಂದ ದಾದರಿಗೆ ಹೋಗಿದ್ದು 1964ರ ಮಾರ್ಚ್ 31ರ ರಾತ್ರಿ. ದಾದರ್ ಟಿಟಿ ಅಂತ ಈಗಲೂ ದಿನಾ ಹೇಳುತ್ತೇವಲ್ಲ, ಆ ಟಿಟಿ ಅಂದರೆ ಟ್ರಾಮ್ ಟರ್ಮಿನಸ್. ಇಷ್ಟೆಲ್ಲ ಪುಸ್ತಕದಲ್ಲಿ ಸಿಗುತ್ತದೆ. ಆದರೆ ಪಾಯಧುನಿಯಲ್ಲಿ ಆ ಎರಡು ದಾರಿಯ ಹಳಿಗಳು ಒಂದಕ್ಕೊಂದು ಹೇಗೆ ಕೂಡುತ್ತಿದ್ದವು? ಅದನ್ನು ತಿಳಿಯಬೇಕಾದರೆ ಹಳೇ ಫೋಟೋ, ಪೋಸ್ಟ್‌ಕಾರ್ಡ್, ನಕ್ಷೆಗಳನ್ನು ಹತ್ತಿರದಿಂದ ನೋಡಲೇಬೇಕು.

ಮೊದಲು ನನ್ನ ಹತ್ತಿರ ಆನ್‌ಲೈನಿನಲ್ಲಿ ತರಿಸಿದ ಒಂದು ಲೈಟ್ ಇರುವ ಕನ್ನಡಿ ಇತ್ತು. ಮೇಲೆ 40 ಪಟ್ಟು ಅಂತ ಬರೆದಿತ್ತು, ಅದರ ಕಾಲು ಭಾಗವೂ ದೊಡ್ಡದು ಮಾಡುತ್ತಿರಲಿಲ್ಲ. ಕೈಯಲ್ಲಿ ಹಿಡಿದರೆ ನಡುಗುತ್ತಿತ್ತು, ಲೈಟ್ ಹಾಕಿದರೆ ನುಣುಪು ಫೋಟೋದ ಮೇಲೆ ಬಿಳಿ ಚುಕ್ಕಿ. ಬೇಸತ್ತು ಒಂದು ದಿನ ಕಾಲ್ಬಾದೇವಿಯ ಗಲ್ಲಿಯಲ್ಲಿ, ಬಟ್ಟೆ ಅಂಗಡಿಯವರಿಗೆ ಟೇಪು, ಕತ್ತರಿ ಮಾರುವ ಕಡೆ ಇದನ್ನು 450 ರೂಪಾಯಿಗೆ ತಂದೆ. ಸುಮಾರು ಐದು ಪಟ್ಟು ಅಷ್ಟೇ ದೊಡ್ಡದು ಮಾಡುತ್ತದೆ. ಸಾಕು. ನಿಜವಾಗಿಯೂ ಸಾಕು.

ಇದರ ದೊಡ್ಡ ಗುಣ ಅಂದರೆ ತಾನಾಗಿ ನಿಲ್ಲುತ್ತದೆ. ಹಾಳೆಯ ಮೇಲಿಟ್ಟರೆ ಅಲ್ಲೇ ಫೋಕಸ್ ಸರಿಯಾಗಿರುತ್ತದೆ, ಎರಡೂ ಕೈ ಖಾಲಿ. ಬೆಳಿಗ್ಗೆ ಏಳಕ್ಕೆ, ಚಹಾ ಲೋಟ ದೂರ ಇಟ್ಟು, ಹಳೇ ಮಲ್ ಪಂಚೆಯ ತುಂಡಿನಲ್ಲಿ ಗಾಜು ಒರೆಸಿ ಕಿಟಕಿ ಹತ್ತಿರ ಕೂರುತ್ತೇನೆ. ಪಿತ್ತಳೆಯ ಬೆನ್ನು ಕಿಟಕಿ ಕಡೆ ಇದ್ದರೆ ಒಳಗೆಲ್ಲ ನೆರಳು. ತೆರೆದ ಬದಿಯನ್ನು ಬೆಳಕಿಗೆ ತಿರುಗಿಸಿ, ಕಣ್ಣನ್ನು ಗಾಜಿನ ಹತ್ತಿರಕ್ಕೆ ತಂದರೆ ರಸ್ತೆ ಎದ್ದು ಬರುತ್ತದೆ. ಒಂದು ಹಳಿ ಅಂದರೆ ಒಂದು ಬಿಳಿ ಗೆರೆ, ಅದಕ್ಕೆ ಅಂಟಿಕೊಂಡೇ ಒಂದು ಸಣ್ಣ ಕಪ್ಪು ಗೆರೆ. ಆ ಕಪ್ಪು ಗೆರೆ ಚಕ್ರದ ಅಂಚು ಓಡುವ ಕಾಲುವೆ. ಟ್ರಾಮ್ ಓಡುತ್ತಿರುವ ಹಳಿ ಉಜ್ಜಿ ಉಜ್ಜಿ ಹೊಳೆಯುತ್ತದೆ, ಓಡಾಟ ಕಮ್ಮಿ ಇರುವ ಹಳಿ ಮಂಕು. ಬರೀ ಕಣ್ಣಿಗೆ ಎರಡೂ ಒಂದೇ ಬೂದು ಬಣ್ಣ. ಜನ, ಎತ್ತಿನ ಗಾಡಿ ತುಂಬಿ ನೆಲವೇ ಕಾಣದಿದ್ದರೆ ಮೇಲೆ ಟ್ರಾಮಿನ ವಿದ್ಯುತ್ ತಂತಿ ನೋಡುತ್ತೇನೆ, ತಂತಿ ಹೋದ ಕಡೆ ಹಳಿ ಹೋಗಿರಲೇಬೇಕಲ್ಲ. ಹಳಿ ಇದ್ದು ತಂತಿ ಇಲ್ಲದಿದ್ದರೆ ಅದು ಹೆಚ್ಚುಕಮ್ಮಿ 1907ಕ್ಕಿಂತ ಹಿಂದಿನ ಚಿತ್ರ.

ನಕ್ಷೆಗೆ ಬಂದರೆ ಆ ಒಂದಿಂಚಿನ ಕಿಂಡಿಯೇ ಅಳತೆಗೋಲು. ಮೈಲಿಗೆ ಆರು ಇಂಚಿನ ನಕ್ಷೆಯಾದರೆ ಒಂದು ಕಿಂಡಿ ಅಂದರೆ 880 ಅಡಿ ರಸ್ತೆ. ಕಿಂಡಿ ಸರಿಸುತ್ತಾ ಸರಿಸುತ್ತಾ ಹೋದರೆ ದಾರಿಯ ಉದ್ದ ಲೆಕ್ಕಕ್ಕೆ ಸಿಗುತ್ತದೆ. ಇಲ್ಲಿ ಒಂದು ಎಚ್ಚರ ಬೇಕು. ಎರಡು ಹಳಿಗಳ ನಡುವೆ ಐದಡಿ ಅಂದುಕೊಂಡರೂ ಆ ನಕ್ಷೆಯಲ್ಲಿ ಅದು 0.15 ಮಿಲಿಮೀಟರ್ ಕೂಡ ಆಗುವುದಿಲ್ಲ. ಹಾಗಾಗಿ ನಕ್ಷೆಯಲ್ಲಿ ಕಾಣುವ ಜೋಡಿ ಗೆರೆ ಬರೀ ಗುರುತು, ಅಳತೆಯಲ್ಲ. ರಸ್ತೆಯ ಯಾವ ಬದಿಗೆ ಹಳಿ ಇತ್ತು ಅನ್ನುವುದನ್ನು ಅದರಿಂದ ತೀರ್ಮಾನ ಮಾಡಬೇಡಿ, ಫೋಟೋ ನೋಡಿ. ಫೋಟೋ ಅಂದರೆ ಅಸಲಿ ಪ್ರಿಂಟು. ಪುಸ್ತಕದಲ್ಲಿ ಅಚ್ಚಾದ ಚಿತ್ರದ ಮೇಲೆ ಗ್ಲಾಸ್ ಇಟ್ಟರೆ ಬರೀ ಚುಕ್ಕಿ ಚುಕ್ಕಿ, ಎಷ್ಟು ದೊಡ್ಡದು ಮಾಡಿದರೂ ಚುಕ್ಕಿ ದೊಡ್ಡದಾಗುತ್ತದೆ ಹೊರತು ಹಳಿ ಕಾಣುವುದಿಲ್ಲ.

ಈಗ ಆ ಅಂಚಿನ ವಿಷಯ. ಎರಡನೇ ವರ್ಷ ಪಾಯಧುನಿಯ ಒಂದು ಪೋಸ್ಟ್‌ಕಾರ್ಡ್ ಸಿಕ್ಕಿತು. ಅಚ್ಚಿನದಲ್ಲ, ಅಸಲಿ ಫೋಟೋ. ನನ್ನ ಬಜೆಟ್ಟಿಗೆ ಅದು ಜಾಸ್ತಿ, ಎರಡು ತಿಂಗಳು ಬೇರೇನೂ ಕೊಳ್ಳಲಿಲ್ಲ. ಎಡಗಡೆ ಮೂಲೆಯಲ್ಲಿ ಎರಡು ಜೋಡಿ ಹಳಿ, ಅದರಲ್ಲೊಂದು ಬಾಗಲು ಶುರುವಾದ ಹಾಗೆ ಕಾಣುತ್ತಿತ್ತು. ಇನ್ನೂ ಚೆನ್ನಾಗಿ ನೋಡೋಣ ಅಂತ ಗ್ಲಾಸನ್ನು ಎತ್ತದೆ ಹಾಗೇ ಸರಿಸಿದೆ. ಕಿಂಡಿಯ ಅಡಿಯಂಚಿನಲ್ಲಿ ಪಿತ್ತಳೆ ಕತ್ತರಿಸಿದ ಕಡೆ ಕೂದಲಿನಷ್ಟು ಮುಳ್ಳು ಉಳಿದಿತ್ತು. ಸರ್ ಅಂತ ಒಂದು ಸದ್ದು. ಗೀರು ಸರಿಯಾಗಿ ಆ ಬಾಗಿನ ಮೇಲೇ ಬಿದ್ದಿತ್ತು. ನೂರು ವರ್ಷ ಯಾರ್‍ಯಾರದೋ ಪೆಟ್ಟಿಗೆಯಲ್ಲಿ ಸುರಕ್ಷಿತವಾಗಿ ಉಳಿದ ಚಿತ್ರ ನನ್ನ ಮೇಜಿನ ಮೇಲೆ ಹಾಳಾಯಿತು. ಎರಡು ವಾರ ಗ್ಲಾಸನ್ನು ಮುಟ್ಟಲಿಲ್ಲ. ಬಟ್ಟೆಗೆ ಮಾಡಿದ ವಸ್ತುವಾದರೂ ಅಂಚಿಗೆ ಒಂದು ಸಲ ಅರ ಹಾಕಿ ನುಣುಪು ಮಾಡಿ ಕಳಿಸಬಾರದಾ? ಬಟ್ಟೆಯ ಎಳೆಗೂ ಅದು ಸಿಕ್ಕಿಕೊಳ್ಳುವುದೇ ಅಲ್ವಾ?

ಆಮೇಲೆ ನೀರು ಹಾಕಿ ತಿಕ್ಕುವ ನುಣುಪು ಮರಳು ಕಾಗದದಲ್ಲಿ ತಿಕ್ಕಿ ಮುಳ್ಳು ತೆಗೆದೆ. ಆದರೂ ಧೈರ್ಯ ಬರಲಿಲ್ಲ. ಟೈಲರ್ ಹತ್ತಿರ ಮಖಮಲ್ ಚೂರು ತಂದು ಅಡಿಗೆ ಅಂಟಿಸಿದೆ. ಎತ್ತರ ಹೆಚ್ಚಾಗಿ ಚಿತ್ರ ಮಬ್ಬಾಯಿತು, ಕಿತ್ತು ಹಾಕಿದೆ. ಕೊನೆಗೆ ಕೆಲಸಕ್ಕೆ ಬಂದದ್ದು ಆಚೆಬದಿ ಕಾಣುವ ಪ್ಲಾಸ್ಟಿಕ್ಕಿನ ಓಹೆಚ್‌ಪಿ ಹಾಳೆ. ತೆಳ್ಳಗಿರುವುದರಿಂದ ಫೋಕಸ್ ಕೆಡುವುದಿಲ್ಲ, ಮೊದಲು ಹಾಳೆ, ಅದರ ಮೇಲೆ ಗ್ಲಾಸ್. ಸ್ವಲ್ಪ ಮಿಂಚುತ್ತದೆ, ಹೊಂದಿಕೊಳ್ಳಬೇಕು.

ಮತ್ತೆ ಈ ಕೆಲಸದ ಮೇಲೆ ಪ್ರೀತಿ ಬಂದದ್ದು ಆ ಹಾಳೆಯಿಂದಲೇ. ಕನ್ನಡಿಯಲ್ಲಿ ಕಂಡದ್ದನ್ನು ಅಲ್ಲೇ ಸಣ್ಣ ಮೊನೆಯ ಮಾರ್ಕರಿನಲ್ಲಿ ಹಗುರವಾಗಿ ಗುರುತು ಹಾಕಬಹುದು. ತಂತಿಯ ಕಂಬ ಹಸಿರು, ಹಳಿ ಕೆಂಪು, ತಂತಿ ನೀಲಿ. ಮುಗಿದ ಮೇಲೆ ಬಿಳಿ ಕಾಗದದ ಮೇಲಿಟ್ಟರೆ ಜನ, ಗಾಡಿ, ಅಂಗಡಿ ಬೋರ್ಡು ಎಲ್ಲ ಹೋಗಿ ಟ್ರಾಮಿನ ದಾರಿ ಮಾತ್ರ ಉಳಿಯುತ್ತದೆ. ದಾದರಿನ ಹಾಳೆಯ ಫೋಟೋ ದೊಡ್ಡಪ್ಪನಿಗೆ ವಾಟ್ಸಾಪಿನಲ್ಲಿ ಕಳಿಸಿದ್ದೆ. ಸುಮ್ನೆ ನೋಡಿ ಬಿಡಬಹುದು ಅಂದುಕೊಂಡಿದ್ದೆ. ಅವರು ಅಕ್ಕನ ಮಗನಿಂದ ಅದನ್ನು ಪ್ರಿಂಟ್ ಹಾಕಿಸಿ, ತಾವು ಟ್ರಾಮ್ ಹತ್ತುತ್ತಿದ್ದ ಜಾಗಕ್ಕೆ ಪೆನ್ಸಿಲಿನಲ್ಲಿ ಸೊನ್ನೆ ಸುತ್ತಿ ವಾಪಸ್ ಕಳಿಸಿದರು.

ಉಳಿದದ್ದೆಲ್ಲ ಸಣ್ಣ ವಿಷಯ. ಕೀಲು ಸಡಿಲವಾಗುತ್ತದೆ, ವರ್ಷಕ್ಕೊಮ್ಮೆ ವಾಚ್ ರಿಪೇರಿಯವರ ಹತ್ತಿರ ಬಿಗಿ ಮಾಡಿಸಿ. ಪಿತ್ತಳೆ ಕಪ್ಪಾದರೆ ಗಾಜಿನ ಹತ್ತಿರ ಹುಣಸೆಹಣ್ಣು ಹಾಕಿ ತಿಕ್ಕಬೇಡಿ. ಪ್ಲಾಸ್ಟಿಕ್ ಲೆನ್ಸಿನದು ಬೇಡವೇ ಬೇಡ, ಒಂದೇ ಮಳೆಗಾಲದಲ್ಲಿ ಗೀರು ತುಂಬುತ್ತದೆ. ಗ್ರಂಥಾಲಯದ ನಕ್ಷೆಯ ಮೇಲೆ ಇಡುವ ಮುಂಚೆ ಅಲ್ಲಿಯವರನ್ನು ಕೇಳಿ, ಮಾರ್ಕರ್ ಅಂತೂ ಬ್ಯಾಗಿನಿಂದ ಹೊರಗೆ ತೆಗೆಯಬೇಡಿ.

ಪಾಯಧುನಿಯ ಬಾಗು ಇನ್ನೂ ಸಿಕ್ಕಿಲ್ಲ. ಅದೇ ಜಾಗದ ಇನ್ನೊಂದು ಕಾರ್ಡ್ ಸಿಕ್ಕಿತು, ಆದರೆ ಅದರಲ್ಲಿ ಸರಿಯಾಗಿ ಆ ಮೂಲೆಯಲ್ಲೇ ಒಂದು ಎತ್ತಿನ ಗಾಡಿ ನಿಂತಿದೆ. ಶುಕ್ರವಾರ ರಜೆ ಸಿಕ್ಕಾಗಲೆಲ್ಲ ಚೋರ್ ಬಜಾರಿಗೆ ಹೋಗುತ್ತೇನೆ. ಗ್ಲಾಸ್ ಶರ್ಟಿನ ಜೇಬಿನಲ್ಲಿರುತ್ತದೆ, ಪೋಸ್ಟ್‌ಕಾರ್ಡಿನ ಅಳತೆಗೆ ಕತ್ತರಿಸಿದ ಒಂದು ಓಹೆಚ್‌ಪಿ ಹಾಳೆಯ ಜೊತೆ.